ನಲವತ್ತೊಂದನೇ ಪುಟ

ಮಸ್ಕಿ
3 ಮಾರ್ಚ್ 2025

ಗುರುಗಳಾದ ಕರಿಬಸಪ್ಪ ಮಾಸ್ತರರಿಗೆ,

ನಮಸ್ಕಾರಗಳು. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ನಿಮ್ಮ ಕೈಯಲ್ಲಿ ಕನ್ನಡ ಕಲಿತವಳು. ಈಗ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಸೀರೆಗೆ ಜಂಪರ್ ಹೊಲಿಯುತ್ತೇನೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಹನ್ನೊಂದು ವರ್ಷದಲ್ಲಿ ಒಂಬತ್ತು ಕಥೆಗಳಾಗಿವೆ. ಅವನ್ನು ಪುಸ್ತಕ ಮಾಡಬೇಕೆಂದು ಸಿಂಧನೂರಿನ ಹುಸೇನಬಾಷಾ ಅವರ ಪ್ರೆಸ್ಸಿಗೆ ಕೊಟ್ಟಿದ್ದೇನೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರಿನಲ್ಲಿ ಯಾರ ಪುಸ್ತಕ ಬಂದರೂ ಮೊದಲ ಪುಟದಲ್ಲಿ ನಿಮ್ಮ ಮುನ್ನುಡಿ ಇರುತ್ತದೆ. ನನ್ನದಕ್ಕೂ ನಿಮ್ಮದೇ ಬೇಕು, ಬೇರೆಯವರದು ಬೇಡ. ಅಚ್ಚಿಗೆ ಜೋಡಿಸಿದ ಪುಟಗಳನ್ನು ಇದರ ಜೊತೆ ಕಳಿಸಿದ್ದೇನೆ, ಒಟ್ಟು ನೂರಾ ಹನ್ನೆರಡು. ಪುರುಸೊತ್ತು ಮಾಡಿಕೊಂಡು ಓದಿರಿ. ನಲವತ್ತೊಂದನೇ ಪುಟದಿಂದ ಶುರುವಾಗುವ ಕಥೆ ನಾಲ್ಕೇ ಪುಟದ್ದು. ಅದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಫೋನ್ ಮಾಡಬಹುದಿತ್ತು. ಸಾಹಿತ್ಯದ ಮಾತನ್ನು ನೀವು ಫೋನಿನಲ್ಲಿ ಆಡುವುದಿಲ್ಲ, ಪತ್ರವನ್ನೇ ಬರೆಯಬೇಕು ಎಂದು ಬಾಷಾ ಅಣ್ಣ ಹೇಳಿದ. ನನಗೂ ಅದೇ ಅನುಕೂಲ. ನಿಮ್ಮ ದನಿ ಕೇಳಿದರೆ ನನಗೆ ಈಗಲೂ ಬಾಯಿ ಒಣಗುತ್ತದೆ.

ನಿಮ್ಮ ವಿದ್ಯಾರ್ಥಿನಿ,
ಹುಲಿಗೆಮ್ಮ

•

ಲಿಂಗಸುಗೂರು
19 ಮಾರ್ಚ್ 2025

ಸಹೋದರಿ ಹುಲಿಗೆಮ್ಮನವರಿಗೆ,

ಶುಭಾಶೀರ್ವಾದಗಳು. ತಮ್ಮ ಮುಖ ನೆನಪಾಗುತ್ತಿಲ್ಲ. ಮೂವತ್ತನಾಲ್ಕು ವರ್ಷ ಕಲಿಸಿದವನಿಗೆ ಎಷ್ಟು ಮುಖ ನೆನಪಿದ್ದೀತು. ತಮ್ಮ ಹಸ್ತಪ್ರತಿಯನ್ನು ಆಸ್ಥೆಯಿಂದ ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಮುನ್ನುಡಿಯನ್ನು ಇದಕ್ಕೆ ಪಿನ್ನು ಹಾಕಿ ಇಟ್ಟಿದ್ದೇನೆ.

ಒಂದೆರಡು ಸಲಹೆ. ಹುಲಿಗೆಮ್ಮ ಎಂಬ ಹೆಸರು ಮನೆಯಲ್ಲಿ ಕರೆಯಲು ಸರಿ, ಮುಖಪುಟಕ್ಕೆ ಸ್ವಲ್ಪ ಒರಟು. ಸಂಧ್ಯಾ ಎಂದೋ ಸುಮನಾ ಎಂದೋ ಒಂದು ಕಾವ್ಯನಾಮ ಇಟ್ಟುಕೊಳ್ಳುವುದು ಒಳ್ಳೆಯದು. ಬಿಡುಗಡೆ ಸಮಾರಂಭಕ್ಕೆ ಗಾಡಿ ಕಳಿಸಿದರೆ ಬರುತ್ತೇನೆ. ಶಾಲು ಹೊದಿಸುವುದಾದರೆ ಉಣ್ಣೆಯದು ಬೇಡ, ನಮ್ಮ ಬಿಸಿಲಿಗೆ ಆಗದು. ಈಗಾಗಲೇ ಮನೆಯಲ್ಲಿ ಅರವತ್ತಾರು ಶಾಲುಗಳಿವೆ, ನಮ್ಮ ಮನೆಯವಳು ಅವುಗಳಿಗೆ ನುಸಿಗುಳಿಗೆ ಹಾಕಿ ಹಾಕಿ ಬೇಸತ್ತಿದ್ದಾಳೆ. ಅದರ ಬದಲು ಟವೆಲು ಕೊಟ್ಟರೂ ನಡೆಯುತ್ತದೆ.

ಇಂತಿ ತಮ್ಮ ಶ್ರೇಯೋಭಿಲಾಷಿ,
ಕರಿಬಸಪ್ಪ, ನಿವೃತ್ತ ಕನ್ನಡ ಶಿಕ್ಷಕರು

•

ಮಸ್ಕಿ
22 ಮಾರ್ಚ್ 2025

ಬಾಷಾ ಅಣ್ಣಾ,

ಮಾಸ್ತರರ ಮುನ್ನುಡಿ ಬಂತು. ಅದರ ಒಂದು ಪ್ರತಿ ಕಳಿಸಿದ್ದೇನೆ, ಆದರೆ ಅಚ್ಚಿಗೆ ಕೂಡಿಸಬೇಡ, ನನ್ನಾಣೆ. ಓದಿ ನೋಡು ಅಷ್ಟೆ. ‘ಈ ಕವನಗಳಲ್ಲಿ ಮಣ್ಣಿನ ವಾಸನೆಯಿದೆ. ಇವನ್ನು ತಂಬೂರಿ ಹಿಡಿದು ರಾಗವಾಗಿ ಹಾಡಬಹುದು. ಈ ತರುಣ ಕವಿ ನಮ್ಮ ಸೀಮೆಗೆ ಸಿಡಿಲಿನಂತೆ ಬಂದಿದ್ದಾನೆ. ಮೀಸೆ ಚಿಗುರುವ ವಯಸ್ಸಿನಲ್ಲೇ ಇಂಥ ಪ್ರೌಢಿಮೆ ಅಪರೂಪ.’

ಅಣ್ಣಾ, ನಾನು ಜನ್ಮದಲ್ಲಿ ಒಂದು ಕವನ ಬರೆದವಳಲ್ಲ. ನನಗೀಗ ಮೂವತ್ತೆಂಟು. ಓದಿ ಮೈಯೆಲ್ಲ ಉರಿಯಿತು. ಕತ್ತರಿ ಕೈಯಲ್ಲಿತ್ತು, ಯಾರದೋ ಮದುವೆ ಜಂಪರಿನ ತೋಳು ಗಿಡ್ಡವಾಗಿ ಹೋಯಿತು.

‘ಬೇರೆ ಯಾರ ಕಡೆಯಿಂದಾದರೂ ಬರೆಸ್ಕೋ’ ಎಂದು ನೀನು ಹೇಳುತ್ತೀ, ಗೊತ್ತು. ಅದಕ್ಕೇ ನಿನಗೊಬ್ಬನಿಗೆ ವಿಷಯ ಹೇಳುತ್ತೇನೆ. ಎರಡು ಸಾವಿರದ ಒಂದರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಈ ಮಾಸ್ತರರು ಬೇಸಿಗೆಯ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. ನಮ್ಮವ್ವ ಯಮನಮ್ಮ ಆಗ ಬುಟ್ಟಿ ಹೊತ್ತು ಪಲ್ಯ ಮಾರುತ್ತಿದ್ದಳು. ಬಿಸಿಲಿಗೆ ಬಾಡುವ ಸೊಪ್ಪಿನ ಮೇಲೆ ಅವಳು ನೀರು ಚಿಮುಕಿಸುವುದು, ತಾನು ಮಾತ್ರ ಸಂಜೆಯ ತನಕ ನೀರು ಕುಡಿಯದೆ ಕೂಡುವುದು, ಯಾಕೆಂದರೆ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಒಂದಕ್ಕೆ ಹೋಗಲು ಜಾಗವಿಲ್ಲ ಎಂಬುದು, ಇದನ್ನು ಬರೆದಿದ್ದೆ. ಮಾಸ್ತರರು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಕೇಳಿದರು: ‘ಪಲ್ಯ ಮಾರೋರ ಮನ್ಯಾಗ ಇಂಥಾ ಮಾತು ಹುಟ್ಟಂಗಿಲ್ಲ. ಎಲ್ಲಿಂದ ಕದ್ದಿ, ಹೇಳು.’ ನಾನು ಮಾತಾಡಲಿಲ್ಲ. ಪ್ರಬಂಧ ಬರೆದ ನನ್ನ ವಹಿಯನ್ನು ಹರಿದು ಕಿಟಕಿಯಿಂದ ಆಚೆ ಎಸೆದರು.

ನಲವತ್ತೊಂದನೇ ಪುಟದಲ್ಲಿರುವುದು ಅದೇ ಕಥೆ. ನನಗೆ ಅವರ ಹೊಗಳಿಕೆ ಬೇಕಾಗಿಲ್ಲ ಅಣ್ಣಾ. ಆ ನಾಲ್ಕು ಪುಟವನ್ನು ಅವರು ಓದಬೇಕು, ಓದಿದ್ದೇನೆ ಎಂದು ತಮ್ಮ ಕೈಯಿಂದ ಬರೆದು ಕೊಡಬೇಕು. ಅಲ್ಲಿಯ ತನಕ ಪುಸ್ತಕ ಅಚ್ಚಾಗುವುದು ಬೇಡ.

ನಿನ್ನ ತಂಗಿ,
ಹುಲಿಗೆಮ್ಮ

•

ಮಸ್ಕಿ
2 ಏಪ್ರಿಲ್ 2025

ಮಾಸ್ತರರಿಗೆ,

ನಮಸ್ಕಾರ. ನಿಮ್ಮ ಮುನ್ನುಡಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ನಾನು ಕವಿಯಲ್ಲ, ತರುಣನೂ ಅಲ್ಲ, ಸಿಡಿಲಿನಂತೆ ಬಂದವಳೂ ಅಲ್ಲ. ಹನ್ನೊಂದು ವರ್ಷ ತಿಣುಕಿ ಬಂದವಳು. ಎರಡು ಸಲ ಓದಿದೆ ಎಂದಿದ್ದೀರಿ. ಅಷ್ಟು ತ್ರಾಸು ಬೇಡ, ಒಂದು ಸಲ ಓದಿ ಸಾಕು.

ನನ್ನ ಅಂಗಡಿಯಲ್ಲಿ ಅಳತೆ ತೆಗೆದುಕೊಳ್ಳದೆ ಜಂಪರ್ ಹೊಲಿದು ಕೊಟ್ಟರೆ ಗಿರಾಕಿಗಳು ಮುಖದ ಮೇಲೆ ಎಸೆದು ಹೋಗುತ್ತಾರೆ. ಹೋಗುವಾಗ ನಾಲ್ಕು ಮಾತು ಅಂದೂ ಹೋಗುತ್ತಾರೆ. ನಾನು ಅದನ್ನು ಕೇಳಿಕೊಂಡು ಮತ್ತೆ ಬಿಚ್ಚಿ ಹೊಲಿಯುತ್ತೇನೆ. ನೀವೂ ಹಾಗೆ ಮಾಡಿರಿ ಎಂದು ಕೇಳುತ್ತಿದ್ದೇನೆ, ಇದರಲ್ಲಿ ತಪ್ಪೇನಿದೆ?

ಹೆಸರಿನ ವಿಷಯ. ನಮ್ಮವ್ವ ಹುಲಿಗಿಯ ದೇವಿಗೆ ಹರಕೆ ಹೊತ್ತು ನನ್ನನ್ನು ಹೆತ್ತಳು. ಒರಟಾಗಿದ್ದರೆ ಇರಲಿ, ಮುಖಪುಟ ದಪ್ಪ ರಟ್ಟಿನದೇ ಇದೆ, ಭಾರ ತಡೆಯುತ್ತದೆ.

ಹುಲಿಗೆಮ್ಮ

•

ಲಿಂಗಸುಗೂರು
24 ಏಪ್ರಿಲ್ 2025

ಹುಲಿಗೆಮ್ಮನಿಗೆ,

ನನ್ನ ವಿದ್ಯಾರ್ಥಿನಿ ಎಂದು ನೀನೇ ಬರೆದುಕೊಂಡಿದ್ದರಿಂದ ಇನ್ನು ಬಹುವಚನ ಬೇಡ. ಮಾಸ್ತರನಿಗೆ ಪತ್ರ ಬರೆಯುವ ರೀತಿಯೇ ಅದು? ನಲವತ್ತಮೂರು ಪುಸ್ತಕಕ್ಕೆ ಮುನ್ನುಡಿ ಬರೆದಿದ್ದೇನೆ. ನಲವತ್ತೆರಡು ಜನ ಕಾಲಿಗೆ ಬಿದ್ದು ಹೋದರು. ನೀನೊಬ್ಬಳು ಜಗಳಕ್ಕೆ ಬಂದೆ.

ನಿಜ ಹೇಳಲೇನು? ಮುನ್ನುಡಿ ಬರೆಯುವವನು ಪುಸ್ತಕ ಓದಬೇಕು ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ. ‘ಸರ, ನಿಮ್ಮ ಹೆಸರಿದ್ದರೆ ಸಾಕು’ ಅನ್ನುತ್ತಾರೆ. ಕೆಲವರು ತಾವೇ ಬರೆದುಕೊಂಡು ಬಂದು ಸಹಿ ಮಾಡಿಸಿಕೊಂಡು ಹೋಗುತ್ತಾರೆ. ತಮ್ಮನ್ನು ತಾವು ಹೊಗಳಿಕೊಳ್ಳುವಾಗ ಅವರಿಗೆ ಎಳ್ಳಷ್ಟೂ ಸಂಕೋಚವಿರುವುದಿಲ್ಲ, ಸಹಿ ಹಾಕುವಾಗ ನನಗೇ ನಾಚಿಕೆಯಾಗುತ್ತದೆ. ಓದು ಓದು ಎಂದು ಗಂಟು ಬಿದ್ದವಳು ನೀನೇ ಮೊದಲು. ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಸಣ್ಣ ಅಕ್ಷರದ ನೂರಾ ಹನ್ನೆರಡು ಪುಟ ಅಂದರೆ ಏನೆಂದುಕೊಂಡೆ?

ಕವನ ಎಂದಿದ್ದಲ್ಲಿ ಕಥೆ ಎಂದೂ ಕವಿ ಎಂದಿದ್ದಲ್ಲಿ ಲೇಖಕಿ ಎಂದೂ ತಿದ್ದಿದ್ದೇನೆ. ಇದನ್ನು ಅಚ್ಚು ಹಾಕಿಸು. ಇದಕ್ಕಿಂತ ಹೆಚ್ಚು ನನ್ನಿಂದಾಗದು.

ನಿನ್ನ ಪತ್ರವನ್ನು ನಮ್ಮ ಮನೆಯವಳು ಗುರುಲಿಂಗಮ್ಮನೂ ಓದಿದಳು. ‘ಬರೋಬ್ಬರಿ ಬೈದಾಳ ಬಿಡ್ರಿ’ ಅಂದಳು. ಮನೆಯಲ್ಲಿಯೂ ನನಗೆ ಮರ್ಯಾದೆ ಇಲ್ಲದಂತೆ ಮಾಡಿದ್ದೀ.

ಕರಿಬಸಪ್ಪ

•

ಸಿಂಧನೂರು
9 ಮೇ 2025

ತಂಗಿ ಹುಲಿಗೆಮ್ಮ,

ಸಲಾಂ. ಮುಂಜಾನಿ ಬಸ್ಸಿನ ಕಂಡಕ್ಟರನ ಕೈಯಾಗ ಮುಖಪುಟದ ಪ್ರೂಫ್ ಕಳಿಸೀನಿ, ಮಸ್ಕ್ಯಾಗ ಇಳಿಸ್ಕೋ. ಮೊಬೈಲಿನ್ಯಾಗ ಕಳಿಸು ಅಂತ ಮಂದಿ ಹೇಳ್ತಾರ, ಮೊಬೈಲಿನ್ಯಾಗ ತಪ್ಪು ಕಾಣಂಗಿಲ್ಲ, ಕಾಗದದ ಮ್ಯಾಲೇ ಕಾಣತಾವು.

ನಿನ್ನ ಪುಸ್ತಕ ಎರಡು ತಿಂಗಳಿಂದ ನನ್ನ ಮಷೀನ್ ಬಾಜೂಕ ಕುಂತೈತಿ. ಲಗ್ನಪತ್ರಿಕೆ ಸೀಜನ್ ಇದು, ಕಾಲಿಡಾಕ ಜಾಗ ಇಲ್ಲ. ನಿನ್ನೆ ಯಾರೋ ಬೀಗರು ನಿನ್ನ ಕಾಗದದ ಗಂಟಿನ ಮ್ಯಾಲ ಕುಂತು ಚಾ ಕುಡಿದ್ರು. ನನಗೂ ತಲಿ ಕೆಟ್ಟೈತಿ.

ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಮಾಸ್ತರ ಮುನ್ನುಡಿ ನಾ ಇಪ್ಪತ್ತು ವರ್ಷದಿಂದ ಛಾಪಿಸಾಕತ್ತೀನಿ. ನನ್ನ ಕಂಪ್ಯೂಟರ್‌ದಾಗ ಒಂದು ಮುನ್ನುಡಿ ಐತಿ, ಹೆಸರು ಅಷ್ಟ ಬದಲಿ ಮಾಡ್ತೀನಿ. ಇವತ್ತಿನ ತನಕ ಯಾರೂ ತಕರಾರು ತಗದಿಲ್ಲ. ಯಾಕಂದ್ರ ಬರದಾವರೂ ಓದಿಲ್ಲ, ಬರಸ್ಕೊಂಡಾವರೂ ಓದಿಲ್ಲ, ಖರೀದಿ ಮಾಡಿದಾವರಂತೂ ಓದೇ ಇಲ್ಲ. ನೀ ಒಬ್ಬಾಕಿ ಓದಿದಿ, ಅದಕ್ಕ ಈ ಗದ್ದಲ ಎದ್ದೈತಿ.

ಎರಡನೇ ಮುನ್ನುಡಿ ಓದಿದೆ. ಮೊದಲನೇದು, ಎರಡನೇದು ಎರಡನ್ನೂ ಎದುರಾಬದುರಾ ಛಾಪಿಸಿ ಬಿಡೋಣೇನು? ತಾರೀಖಿನ ಸಮೇತ. ಕಾಗದ ನನ್ನ ಲೆಕ್ಕ. ಜಲ್ದಿ ಹೇಳು.

ನಿನ್ನ ಅಣ್ಣ,
ಹುಸೇನಬಾಷಾ

•

ಮಸ್ಕಿ
12 ಮೇ 2025

ಮಾಸ್ತರರಿಗೆ,

ನೀವು ತಿದ್ದಿದ್ದನ್ನು ನೋಡಿದೆ. ‘ಈ ಕಥೆಗಳನ್ನು ತಂಬೂರಿ ಹಿಡಿದು ರಾಗವಾಗಿ ಹಾಡಬಹುದು’ ಎಂದಿದೆ. ‘ಈ ತರುಣ ಲೇಖಕಿ ಸಿಡಿಲಿನಂತೆ ಬಂದಿದ್ದಾಳೆ, ಮೀಸೆ ಚಿಗುರುವ ವಯಸ್ಸಿನಲ್ಲೇ ಇಂಥ ಪ್ರೌಢಿಮೆ ಅಪರೂಪ’ ಎಂದಿದೆ. ನನ್ನನ್ನು ಹೆಣ್ಣು ಮಾಡಿದ್ದೀರಿ, ಮೀಸೆಯನ್ನು ಮಾತ್ರ ಬಿಟ್ಟಿದ್ದೀರಿ.

ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆ ಇದನ್ನು ಓದಿ ಹೇಳಿದೆ. ನನ್ನ ಜೊತೆ ಗುಂಡಿಗೆ ಕಾಜಾ ಹಾಕುವ ಜೈನಾಬೀ ನಕ್ಕು ನಕ್ಕು ಬೆರಳಿಗೆ ಸೂಜಿ ಚುಚ್ಚಿಕೊಂಡಳು. ‘ಅಕ್ಕಾ, ಮಾಸ್ತರಗ ಹಾಡಿ ತೋರಸು ಒಂದು ಕಥಿ’ ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನನ್ನು ಸರಿಯಾಗಿ ವಿಚಾರಿಸದೆಯೇ ಕಳ್ಳಿ ಅಂದವರು ನೀವು, ಈಗ ಓದದೆಯೇ ಪ್ರೌಢೆ ಅನ್ನುತ್ತಿದ್ದೀರಿ. ಎರಡಕ್ಕೂ ನಿಮಗೆ ಅರ್ಧ ನಿಮಿಷ ಸಾಕಾಯಿತು.

ಕಳ್ಳಿ ಅಂದದ್ದು ಯಾವಾಗ ಎಂದು ಕೇಳಬೇಡಿ. ಅದು ನಲವತ್ತೊಂದನೇ ಪುಟದಲ್ಲಿದೆ. ಪ್ರೆಸ್ಸಿನವರಿಗೆ ಹೇಳಿಬಿಟ್ಟಿದ್ದೇನೆ. ಜೂನ್ ಮುಗಿಯುವುದರೊಳಗೆ ಆ ನಾಲ್ಕು ಪುಟ ಓದಿ ನೀವು ಉತ್ತರ ಬರೆಯದಿದ್ದರೆ, ನಿಮ್ಮ ಎರಡೂ ಮುನ್ನುಡಿಗಳನ್ನು ಎದುರುಬದುರು ಪುಟದಲ್ಲಿ, ಬಂದ ತಾರೀಖಿನ ಸಮೇತ, ಒಂದಕ್ಷರ ಬದಲಿಸದೆ ಅಚ್ಚು ಹಾಕಿಸುತ್ತೇನೆ. ಆ ನಲವತ್ತೆರಡು ಜನರಿಗೂ ಒಂದೊಂದು ಪ್ರತಿ ಪುಕ್ಕಟೆ ಕಳಿಸುತ್ತೇನೆ. ಎಲ್ಲರೂ ಅವರವರ ಮುನ್ನುಡಿ ತೆಗೆದು ಹೋಲಿಸಿ ನೋಡಲಿ.

ಹುಲಿಗೆಮ್ಮ

•

ಲಿಂಗಸುಗೂರು
8 ಜುಲೈ 2025

ಹುಲಿಗೆಮ್ಮನಿಗೆ,

ಗಡುವು ಮೀರಿ ಬರೆಯುತ್ತಿದ್ದೇನೆ. ಅಚ್ಚು ಹಾಕಿಸಿದ್ದರೆ ಹಾಕಿಸಿರು.

ಓದಿದೆ. ಪ್ರೀತಿಯಿಂದಲ್ಲ, ಹೆದರಿ ಓದಿದೆ. ಸೀದಾ ನಲವತ್ತೊಂದನೇ ಪುಟವನ್ನೇ ತೆಗೆದೆ. ಆ ಮಾಸ್ತರ ಯಾರೆಂದು ಎರಡನೇ ಸಾಲಿಗೆ ಗೊತ್ತಾಯಿತು. ಮೊದಲು ಬಂದದ್ದು ಸಿಟ್ಟು. ‘ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡು ಈಗ ಮಂದಿ ಮುಂದ ಮಾನ ಕಳ್ಯಾಕತ್ಯಾಳ’ ಎಂದು ಮನೆಯಲ್ಲಿ ಕೂಗಾಡಿದೆ. ಗುರುಲಿಂಗಮ್ಮ ಆ ಪುಟಗಳನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತು ಓದಿದಳು. ಬಂದು ನನ್ನ ಮುಂದಿಟ್ಟಳು. ‘ಇದು ಹೌದೋ ಅಲ್ಲೋ, ಅಷ್ಟ ಹೇಳ್ರಿ’ ಅಂದಳು. ಹೌದು ಅಂದೆ. ಅವತ್ತು ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಆಮೇಲೆ ಉಳಿದ ಎಂಟು ಕಥೆಗಳನ್ನೂ ಓದಿದೆ. ಬರೆಯಲು ಬರುತ್ತದೆ ನಿನಗೆ. ಆಗಲೂ ಬರುತ್ತಿತ್ತು. ಕ್ಲಾಸಿನಲ್ಲಿ ಅದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು, ಈಗ ಮುಚ್ಚಿಡುವುದು ಯಾಕೆ. ಇಪ್ಪತ್ತೈದು ವರ್ಷ ಕವಿತೆ ಬರೆದು ಎಲ್ಲ ಪತ್ರಿಕೆಗಳಿಂದ ವಾಪಸು ತರಿಸಿಕೊಂಡಿದ್ದೆ. ಪಲ್ಯದ ಬುಟ್ಟಿಯ ಬಗ್ಗೆ ಒಂದು ಹುಡುಗಿ ಬರೆದದ್ದನ್ನು ಓದಿ ಸಹಿಸಲಾಗಲಿಲ್ಲ.

ಆದರೆ ನಿನ್ನ ಕಥೆಯಲ್ಲಿ ಒಂದು ತಪ್ಪಿದೆ. ಮಾಸ್ತರ ವಹಿ ಹರಿದು, ಕಿಟಕಿಯಿಂದ ಎಸೆದು, ಪಾಠ ಮುಂದುವರಿಸಿದ ಎಂದು ಬರೆದಿದ್ದೀ. ಅಷ್ಟೇ ಅಲ್ಲ. ನಾನು ಕಪಾಳಕ್ಕೆ ಹೊಡೆದೆ. ಐದು ಬೆರಳೂ ಮೂಡಿದ್ದವು. ಮುಖ ಮರೆತಿದ್ದೇನೆ, ಆ ಕೆನ್ನೆಯನ್ನು ಮರೆತಿಲ್ಲ. ಅದನ್ನು ಯಾಕೆ ಬಿಟ್ಟೆ? ನನ್ನ ಮೇಲೆ ಕನಿಕರವೇ? ನಿನ್ನ ಕನಿಕರ ನನಗೆ ಬೇಡ. ಬರೆಯುವವಳಾದರೆ ಪೂರ್ತಿ ಬರೆ.

ಮೂರನೇ ಮುನ್ನುಡಿ ಕೆಳಗಿದೆ.

‘ನಲವತ್ತೊಂದನೇ ಪುಟದ ಮಾಸ್ತರ ನಾನು. ಲೇಖಕಿ ಬರೆದದ್ದು ನಿಜ. ನಾನು ಆಕೆಯ ಕೆನ್ನೆಗೆ ಹೊಡೆದದ್ದನ್ನು ಆಕೆ ಬಿಟ್ಟಿದ್ದಾಳೆ, ಓದುಗರು ಸೇರಿಸಿಕೊಂಡು ಓದಬೇಕು. ಈ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ಇದಕ್ಕೆ ಮೊದಲಿನ ನಲವತ್ತೆರಡನ್ನು ಓದಿರಲಿಲ್ಲ.’

ಕರಿಬಸಪ್ಪ

•

ಮಸ್ಕಿ
17 ಆಗಸ್ಟ್ 2025

ಮಾಸ್ತರರಿಗೆ,

ನಿಮ್ಮ ಪತ್ರ ಬಂದು ಐದು ವಾರವಾಯಿತು. ಬಂದ ದಿನ ಅದನ್ನು ಓದಿ ಗೆದ್ದೆ ಅಂದುಕೊಳ್ಳಬೇಕಿತ್ತು. ಇಪ್ಪತ್ತನಾಲ್ಕು ವರ್ಷ ಕಾದದ್ದು ಅದಕ್ಕೇ. ಆದರೆ ಕೆನ್ನೆಯ ಮಾತಿಗೆ ಬಂದಾಗ ಪತ್ರವನ್ನು ಮಡಚಿ ಇಟ್ಟುಬಿಟ್ಟೆ.

ಆ ಪೆಟ್ಟು ಬಿದ್ದದ್ದು ನನಗಲ್ಲ. ನನ್ನ ಪಕ್ಕ ಕೂಡುತ್ತಿದ್ದ ಲಕ್ಷ್ಮಿದೇವಿಗೆ. ನೀವು ನನ್ನನ್ನು ‘ಎಲ್ಲಿಂದ ಕದ್ದಿ’ ಎಂದು ಕೇಳಿದಾಗ ಅವಳು ಎದ್ದು ನಿಂತಳು. ‘ಇಲ್ರಿ ಸರ, ಆಕಿನ ಬರದಾಳ. ನಾ ಬಾಜೂಕ ಕುಂತು ನೋಡೀನಿ’ ಅಂದಳು. ಆ ಮಾತಿಗೆ ನೀವು ಹೊಡೆದಿರಿ. ಹೊಡೆದು ನನ್ನ ಕಡೆ ತಿರುಗಿ ‘ಈಕಿ ಹೇಳೋದು ಖರೇನು?’ ಎಂದು ಕೇಳಿದಿರಿ. ನಾನು ತಲೆ ಕೆಳಗೆ ಹಾಕಿ ನಿಂತೆ. ಹೌದು ಎಂದು ಒಂದು ಮಾತು ಹೇಳಲಿಲ್ಲ. ಹೇಳಿದರೆ ಮುಂದಿನ ಪೆಟ್ಟು ನನಗೆ ಎಂದು ಹೆದರಿದ್ದೆ. ಸುಳ್ಳು ಹೇಳಿದಳು ಎಂದು ನೀವು ಅವಳನ್ನು ಹೊರಗೆ ನಿಲ್ಲಿಸಿದಿರಿ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಎರಡು ವರ್ಷಕ್ಕೆ ಮುಕ್ಕುಂದ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟರು.

ನಾನು ಕನಿಕರದಿಂದ ಬಿಟ್ಟಿಲ್ಲ ಮಾಸ್ತರರೇ. ಆ ಕಥೆಯನ್ನು ನಾಲ್ಕು ಸಲ ತಿದ್ದಿದ್ದೇನೆ. ಪ್ರತಿಸಲ ಅವಳನ್ನು ಬರೆಯುವುದು, ಪ್ರತಿಸಲ ಹೊಡೆದುಹಾಕುವುದು. ಅವಳು ಬಂದರೆ ನಾನು ಸುಮ್ಮನಿದ್ದದ್ದೂ ಬರುತ್ತದೆ, ಅದು ನನಗೆ ಬೇಕಾಗಿರಲಿಲ್ಲ. ಓದದೆ ಬರೆಯುತ್ತೀರಿ ಎಂದು ಐದು ತಿಂಗಳಿಂದ ನಿಮ್ಮನ್ನು ಬೈಯುತ್ತಿದ್ದೇನೆ. ಈಗ ಆ ಸಿಟ್ಟೆಲ್ಲ ನನ್ನ ಮೇಲೇ ಬಂದಿದೆ, ಯಾರಿಗೆ ಪತ್ರ ಬರೆಯಲಿ?

ಮೊನ್ನೆ ಅಂಗಡಿ ಮುಚ್ಚಿ ಮುಕ್ಕುಂದಕ್ಕೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆದಿದೆ. ಲಕ್ಷ್ಮಿದೇವಿ ಕೆಸರಿನಲ್ಲಿದ್ದಳು. ನೋಡಿದ ಕೂಡಲೇ ಗುರುತು ಹಿಡಿದು ‘ಬಾರಬೇ ಹುಲಿಗಿ, ಎಷ್ಟು ವರ್ಸಾತು’ ಎಂದು ಬದುವಿಗೆ ಬಂದಳು. ಆ ನಾಲ್ಕು ಪುಟ ಕೊಟ್ಟೆ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಒಂಬತ್ತನೇ ಕ್ಲಾಸಿಗೆ ಬಿಟ್ಟ ಓದು, ನಿಧಾನವಾಗುತ್ತದೆ. ಅವಳಷ್ಟು ಲಕ್ಷ್ಯದಿಂದ ನನ್ನನ್ನು ಇನ್ನೂ ಯಾರೂ ಓದಿಲ್ಲ. ನಡುವೆ ಒಮ್ಮೆ ಹಿಂದಿನ ಪುಟಕ್ಕೆ ಹೋಗಿ ಏನನ್ನೋ ಹುಡುಕಿದಳು. ಮುಗಿದ ಮೇಲೆ ಪುಟಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. ಅವಳಿಗೆ ಸಿಟ್ಟು ಬಂದಿರಲಿಲ್ಲ.

‘ಭಾಳ ಚಂದ ಬರದೀ,’ ಅಂದಳು. ‘ಮಾಸ್ತರ ಅದಾನ, ನೀ ಅದೀ, ನಿಮ್ಮವ್ವ ಅದಾಳ, ಕಿಡಕಿ ಸೈತ ಐತಿ. ನಾ ಎಲ್ಲದೀನಿ ಇದರಾಗ?’

ನಾಟಿಯವರು ಕರೆದರು, ಅವಳು ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದಳು.

ಗಡುವು ಮೀರಿದರೂ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಅಚ್ಚು ನಿಲ್ಲಿಸಲು ಬಾಷಾ ಅಣ್ಣನಿಗೆ ಹೇಳಿದ್ದೇನೆ. ಅವನು ನನಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ನಲವತ್ತೊಂದನೇ ಪುಟವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ನೀವೂ ನಿಮ್ಮ ಮುನ್ನುಡಿಯಲ್ಲಿ ‘ಆಕೆಯ ಕೆನ್ನೆ’ ಎಂದಿದ್ದನ್ನು ಹೊಡೆದುಹಾಕಿ ಲಕ್ಷ್ಮಿದೇವಿಯ ಹೆಸರು ಬರೆಯಿರಿ. ನನ್ನ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ, ಇಳಿದಿಲ್ಲ. ಆದರೆ ಈ ಸಲ ನನ್ನದನ್ನೂ ನಿಮ್ಮದನ್ನೂ ಮೊದಲು ಮುಕ್ಕುಂದಕ್ಕೆ ಒಯ್ಯುತ್ತೇನೆ. ಅವಳು ಓದಿ ಹೂಂ ಅನ್ನದಿದ್ದರೆ ಪುಸ್ತಕ ಬರುವುದಿಲ್ಲ.

ಹುಲಿಗೆಮ್ಮ